ಅಡುಗೆಮನೆಯ ಪರದೆ

ನಮ್ಮ ಬರಗೂರು, ಶಿರಾ, ಮಧುಗಿರಿ, ಪಾವಗಡ ಕಡೆಯ ಹೋಟೆಲುಗಳಲ್ಲಿ ಆಹಾರ ತಪಾಸಣೆಗೆ ಜನ ಇಟ್ಟಿರುವ ಹೆಸರು ‘ರೈಡು’. ಕಳ್ಳಭಟ್ಟಿಯ ಮೇಲೆ ಬೀಳುವುದಕ್ಕೂ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದು ನೋಡುವುದಕ್ಕೂ ಒಂದೇ ಮಾತು. ಅಧಿಕಾರಿಯ ವಾಹನ ಒಂದು ಊರಿನಲ್ಲಿ ಕಂಡರೆ ಸಾಕು, ಮುಂದಿನ ಊರಿನ ಹೋಟೆಲಿಗೆ ಫೋನು ಹೋಗುತ್ತದೆ. ಬಣ್ಣದ ಡಬ್ಬಿ ಅಟ್ಟ ಸೇರುತ್ತದೆ, ನಿನ್ನೆ ಕರಿದ ಎಣ್ಣೆ ಹಿತ್ತಲಿಗೆ ಹೋಗುತ್ತದೆ, ಚರಂಡಿಯ ಬದಿಗೆ ಬ್ಲೀಚಿಂಗ್ ಪುಡಿ ಬೀಳುತ್ತದೆ. ಅಡುಗೆಯ ಹುಡುಗನ ತಲೆಗೆ ಎಲ್ಲಿಂದಲೋ ಒಂದು ಟೋಪಿ ಬರುತ್ತದೆ. (ನಮ್ಮವರ ಹೋಟೆಲಾದರೆ ನಮಾಝಿನ ಟೋಪಿಯೇ ಈ ಕೆಲಸವನ್ನೂ ಮಾಡಿಕೊಡುತ್ತದೆ.) ವಾಹನ ಬೇರೆ ದಾರಿ ಹಿಡಿಯಿತೆಂದು ಗೊತ್ತಾದ ಕೂಡಲೇ ಟೋಪಿ ಗೂಟಕ್ಕೆ, ಡಬ್ಬಿ ಒಲೆಯ ಪಕ್ಕಕ್ಕೆ.

ಇದನ್ನು ನಗುತ್ತಾ ಹೇಳಿ ಮುಗಿಸಬಹುದು. ಆದರೆ ಬಣ್ಣದ ಡಬ್ಬಿಯನ್ನೇ ಇಟ್ಟುಕೊಳ್ಳದ, ತಾವು ತಿನ್ನದ್ದನ್ನು ಗಿರಾಕಿಗೆ ಬಡಿಸದ ಹೋಟೆಲಿನವರೂ ಇದೇ ಊರುಗಳಲ್ಲಿದ್ದಾರೆ. ಅಂಥ ಹಿರಿಯರೊಬ್ಬರು ನನ್ನೊಡನೆ ಹೇಳಿದ ಮಾತು ಇದು: “ನಲವತ್ತು ವರ್ಷದಿಂದ ಜನಕ್ಕೆ ಅನ್ನ ಇಕ್ಕಿದೀನಿ ಭಾಯಿ. ಒಬ್ಬರ ಹೊಟ್ಟೆ ನೋಯಿಸಿಲ್ಲ. ಈಗ ಯಾರೋ ಬಂದು ನನ್ನ ಪಾತ್ರೆಗೆ ಟಾರ್ಚ್ ಬಿಟ್ಟು ನೋಡ್ತಾರೆ ಅಂದ್ರೆ, ನಾನೇನು ಕಳ್ಳನಾ?”

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪ್ರಾಮಾಣಿಕನಾದ ಮನುಷ್ಯನ ಕೆಲಸವನ್ನು ಹೇಳದೆ ಕೇಳದೆ ಬಂದು ಪರೀಕ್ಷಿಸುವುದು ಅವನಿಗೆ ಮಾಡುವ ಅವಮಾನವೇ? ಅಲ್ಲಾಹನ ಭಯವಿರುವವನಿಗೆ ಇನ್ಸ್‌ಪೆಕ್ಟರನ ಭಯವೂ ಬೇಕೆ? ನಮ್ಮ ಜುಮಾ ಖುತ್ಬಾಗಳಲ್ಲಿ ಈ ಎರಡನೆಯ ಪ್ರಶ್ನೆಗೆ ಸಾಮಾನ್ಯವಾಗಿ ‘ಬೇಡ’ ಎಂಬ ಉತ್ತರವೇ ಸಿಗುತ್ತದೆ. ಅದಕ್ಕೆ ಆಧಾರವಾಗಿ ಒಂದು ಕಥೆಯನ್ನೂ ಹೇಳುತ್ತಾರೆ. ಉರ್ದು ಶಾಲೆಯಲ್ಲಿ ಕಲಿತ ಪ್ರತಿಯೊಬ್ಬರಿಗೂ ಅದು ಗೊತ್ತು. ಖಲೀಫಾ ಹಝ್ರತ್ ಉಮರ್(ರ) ರಾತ್ರಿ ಗಸ್ತು ತಿರುಗುತ್ತಿದ್ದಾಗ ಒಂದು ಮನೆಯೊಳಗಿಂದ ತಾಯಿ ಮಗಳ ಮಾತು ಕೇಳಿಸುತ್ತದೆ. ಹಾಲಿಗೆ ನೀರು ಬೆರೆಸು ಎನ್ನುತ್ತಾಳೆ ತಾಯಿ. ಖಲೀಫರು ಬೇಡವೆಂದಿದ್ದಾರಲ್ಲ ಎನ್ನುತ್ತಾಳೆ ಮಗಳು. ಅವರೇನು ಇಲ್ಲಿ ನೋಡುತ್ತಿದ್ದಾರೆಯೇ ಎಂದು ತಾಯಿ ಕೇಳಿದಾಗ, ಅವರು ನೋಡದಿದ್ದರೂ ಅವರ ಪ್ರಭು ನೋಡುತ್ತಾನೆ ಎಂದು ಹುಡುಗಿ ಉತ್ತರಿಸುತ್ತಾಳೆ. ಉಮರ್(ರ) ಆ ಹುಡುಗಿಯನ್ನು ತಮ್ಮ ಮಗನಿಗೆ ತಂದುಕೊಂಡರು ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ಹುಡುಗಿಯ ಈಮಾನಿನ ಬಗ್ಗೆ ಎರಡು ಮಾತಿಲ್ಲ. ಆದರೆ ಈ ಕಥೆಯಲ್ಲಿ ನಾವು ಗಮನಿಸದೆ ಬಿಡುವ ಎರಡು ಸಂಗತಿಗಳಿವೆ. ಒಂದು, ಹಾಲಿಗೆ ನೀರು ಬೆರೆಸಬಾರದೆಂಬ ಆಜ್ಞೆ ಆ ರಾತ್ರಿಗೆ ಮುಂಚೆಯೇ ಹೊರಟಿತ್ತು. ಎರಡು, ಮದೀನಾದಂಥ ಊರಿನಲ್ಲೂ ಖಲೀಫರು ಗಸ್ತು ತಿರುಗುತ್ತಿದ್ದರು. ಆ ಮನೆಯಲ್ಲಿ ಮಗಳೊಬ್ಬಳೇ ಇರಲಿಲ್ಲ, ತಾಯಿಯೂ ಇದ್ದಳು. ಹಾಲು ಕೊಳ್ಳುವವನಿಗೆ ಅದು ಯಾರ ಕೈಯಿಂದ ಬಂದದ್ದೆಂದು ಹೇಗೆ ಗೊತ್ತಾಗಬೇಕು?

ಇದೇ ಉಮರ್(ರ) ಅವರ ಬಗ್ಗೆ ಇನ್ನೊಂದು ಕಥೆಯಿದೆ. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ ಗ್ರಂಥದಲ್ಲಿ ಅದನ್ನು ತಂದಿದ್ದಾರೆ. ಅನುಮಾನ ಬಂದು ಉಮರ್(ರ) ಒಬ್ಬನ ಮನೆಯ ಗೋಡೆ ಹತ್ತಿ ಒಳಗಿಳಿದರು. ಅವನು ತಪ್ಪು ಕೆಲಸದಲ್ಲೇ ಸಿಕ್ಕಿಬಿದ್ದ. ಆದರೆ ತಿರುಗಿ ಪ್ರಶ್ನಿಸಿದ: ನಾನು ಮಾಡಿದ ತಪ್ಪು ಒಂದು, ನೀವು ಮಾಡಿದ್ದು ಮೂರು. ಗೂಢಚಾರಿಕೆ ಮಾಡಿದಿರಿ, ಬಾಗಿಲು ಬಿಟ್ಟು ಗೋಡೆ ಹತ್ತಿ ಬಂದಿರಿ, ಸಲಾಮ್ ಹೇಳದೆ ಅನುಮತಿ ಕೇಳದೆ ಒಳಗೆ ನುಗ್ಗಿದಿರಿ. ಉಮರ್(ರ) ಅವನನ್ನು ಬಿಟ್ಟು ಹೊರಬಂದರು. ಕುರ್‌ಆನ್‌ನ ‘ಹುಜುರಾತ್’ ಅಧ್ಯಾಯ ಗುಮಾನಿಯನ್ನೂ, ಇನ್ನೊಬ್ಬರ ಗುಟ್ಟನ್ನು ಕೆದಕುವುದನ್ನೂ ಜೊತೆಜೊತೆಗೆ ನಿಷೇಧಿಸಿದೆ. ಹೀಗೆ ಕೆದಕುವುದಕ್ಕೆ ‘ತಜಸ್ಸುಸ್’ ಎಂದು ಹೆಸರು.

ಒಂದು ಕಡೆ ಗಸ್ತು, ಇನ್ನೊಂದು ಕಡೆ ತಜಸ್ಸುಸ್‌ನ ನಿಷೇಧ. ನಮ್ಮ ಹೋಟೆಲಿನ ಹಿರಿಯರ ಅಸಮಾಧಾನ ಈ ಎರಡರ ನಡುವೆ ಇದೆ. ಹೋಟೆಲಿನ ಅಡುಗೆಮನೆ ಮನೆಯೋ ಬಜಾರೋ? ಅಲ್ಲಿ ಇಳಿಬಿಟ್ಟಿರುವ ಪರದೆ ಮಾನದ ಪರದೆಯೋ ಮಾಲಿನ ಮೇಲಿನ ಮುಸುಕೋ?

ಇದಕ್ಕೆ ಉತ್ತರ ಪ್ರವಾದಿವರ್ಯರ(ಸ) ಬದುಕಿನಲ್ಲೇ ಇದೆ. ಬಜಾರಿನಲ್ಲಿ ಹೋಗುತ್ತಿದ್ದಾಗ ಅವರು ಮಾರಾಟಕ್ಕಿಟ್ಟಿದ್ದ ಧಾನ್ಯದ ರಾಶಿಯೊಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ಧಾನ್ಯ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ಜನ ನೋಡುವಂತೆ ಅದನ್ನು ಮೇಲೆಯೇ ಇಡಬಾರದಿತ್ತೇ ಎಂದು ಕೇಳಿದ ಪ್ರವಾದಿಯವರು(ಸ), ಮೋಸ ಮಾಡುವವನು ನಮ್ಮವನಲ್ಲ ಎಂದರು. ಧಾನ್ಯವನ್ನು ನೆನೆಸಿದವನು ವ್ಯಾಪಾರಿಯಲ್ಲ, ಮಳೆ. ಅವನು ಮಾಡಿದ್ದು ಒಳಗಿನದನ್ನು ಒಳಗೇ ಬಿಟ್ಟದ್ದು, ಅಷ್ಟೆ. ಇಲ್ಲಿ ಪ್ರವಾದಿಯವರು(ಸ) ಯಾರ ಗೋಡೆಯನ್ನೂ ಹತ್ತಲಿಲ್ಲ. ರಾಶಿ ಬಜಾರಿನಲ್ಲಿತ್ತು, ಮಾರಾಟಕ್ಕಿತ್ತು. ಮಾರಾಟಕ್ಕಿಟ್ಟ ಮೇಲೆ ರಾಶಿಯ ಮೇಲ್ಭಾಗ ಮಾತ್ರವಲ್ಲ, ಅದರ ತಳವೂ ಕೊಳ್ಳುವವನ ಕಣ್ಣಿಗೆ ಸೇರಿದ್ದು. ಮನೆಯಲ್ಲಿ ನಾನು ನಿನ್ನೆಯ ಸಾರನ್ನು ಬಿಸಿ ಮಾಡಿ ಉಂಡರೆ ಅದು ನನ್ನ ಖಾಸಗಿ ವಿಷಯ. ಅದೇ ಸಾರನ್ನು ದುಡ್ಡಿಗೆ ಬಡಿಸಿದ ಗಳಿಗೆಯಿಂದ ನನ್ನ ಒಲೆಗೆ ಪರದೆಯ ಹಕ್ಕಿಲ್ಲ.

ಹಿಂದಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಇಸ್ಲಾಮೀ ನಗರಗಳಲ್ಲಿ ಬಜಾರಿನ ಮೇಲ್ವಿಚಾರಣೆಗೆ ‘ಹಿಸ್ಬಾ’ ಎಂಬ ವ್ಯವಸ್ಥೆ ಬೆಳೆಯಿತು, ಅದರ ಅಧಿಕಾರಿಗೆ ‘ಮುಹ್ತಸಿಬ್’ ಎಂದು ಹೆಸರಾಯಿತು. ಮದೀನಾದ ಬಜಾರಿನ ಮೇಲ್ವಿಚಾರಣೆಯನ್ನು ಉಮರ್(ರ) ಶಿಫಾ ಬಿಂತ್ ಅಬ್ದುಲ್ಲಾ ಎಂಬ ಮಹಿಳೆಗೆ ವಹಿಸಿದ್ದರೆಂದು ಹೇಳುತ್ತಾರೆ. ಮುಹ್ತಸಿಬರಿಗಾಗಿ ಬರೆದ ಕೈಪಿಡಿಗಳನ್ನು ಓದಿದರೆ ಬೆರಗಾಗುತ್ತದೆ. ಹನ್ನೆರಡನೇ ಶತಮಾನದ ಶೈಝರಿ, ಮಾಂಸ ತುಂಬಿದ ಕರುಳು ಮಾರುವವರ ಅಂಗಡಿಗಳು ಮುಹ್ತಸಿಬನ ಕಟ್ಟೆಯ ಹತ್ತಿರವೇ ಇರಬೇಕೆನ್ನುತ್ತಾನೆ; ಆ ಕಸುಬಿನಲ್ಲಿ ಮೋಸಕ್ಕೆ ಅಷ್ಟು ದಾರಿಗಳಿವೆ. ಈಜಿಪ್ಟಿನ ಇಬ್ನುಲ್ ಉಖುವ್ವಾ (1329ರಲ್ಲಿ ತೀರಿಕೊಂಡವನು) ರೊಟ್ಟಿ ಸುಡುವವರ ಬಗ್ಗೆ ಬರೆಯುತ್ತಾ, ಹಿಟ್ಟನ್ನು ಕಾಲಿನಿಂದಾಗಲೀ ಮೊಣಕೈಯಿಂದಾಗಲೀ ನಾದಬಾರದು, ಸೀನು ಎಂಜಲು ಬೀಳದಂತೆ ಬಾಯಿಗೆ ಬಟ್ಟೆ ಕಟ್ಟಬೇಕು, ಬೆವರು ತೊಟ್ಟಿಕ್ಕದಂತೆ ಹಣೆಗೆ ಪಟ್ಟಿ ಇರಬೇಕು, ಹಗಲಿನಲ್ಲಿ ನೊಣ ಓಡಿಸುವ ಒಬ್ಬನನ್ನು ನಿಲ್ಲಿಸಬೇಕು ಎನ್ನುತ್ತಾನೆ. ಏಳುನೂರು ವರ್ಷಗಳ ಹಿಂದಿನ ಈ ಪಟ್ಟಿಯನ್ನು ಇವತ್ತಿನ ಸರಕಾರಿ ನಮೂನೆಯ ಪಕ್ಕದಲ್ಲಿಟ್ಟರೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ನೆಲದ ಕೌಟಿಲ್ಯನೂ ಹಿಂದೆ ಬಿದ್ದವನಲ್ಲ. ಧಾನ್ಯ, ಎಣ್ಣೆ, ಉಪ್ಪು, ಔಷಧಿಗಳಲ್ಲಿ ಕಲಬೆರಕೆ ಮಾಡಿದವನಿಗೆ ಅವನ ಅರ್ಥಶಾಸ್ತ್ರ 12 ಪಣಗಳ ದಂಡ ಹೇಳುತ್ತದೆ.

ಮುಹ್ತಸಿಬನ ಇನ್ನೊಂದು ಮುಖವೂ ಉಂಟು. ಉರ್ದು ಗಝಲ್ ಓದಿದವರಿಗೆ ಅವನು ಚಿರಪರಿಚಿತ. ಹಗಲು ಇತರರ ಮದ್ಯದ ಬಟ್ಟಲು ಒಡೆದು ರಾತ್ರಿ ತಾನೇ ಕುಡಿಯುವ ಕಪಟಿ ಅವನು. ನಮ್ಮ ಕವಿಗಳು ಅವನನ್ನು ಇಷ್ಟೊಂದು ಗೇಲಿ ಮಾಡಿದ್ದು ಸುಮ್ಮನೆ ಅಲ್ಲ. ತಕ್ಕಡಿ ನೋಡಬೇಕಾದವನು ಜನರ ಖಾಸಗಿ ಬದುಕಿಗೆ ಇಣುಕತೊಡಗಿದಾಗ, ನೋಡಬೇಕಾದಲ್ಲಿ ಕೈಚಾಚಿ ಕಣ್ಣು ಮುಚ್ಚಿದಾಗ ಅವನು ನಗೆಪಾಟಲಾದ. ತಪಾಸಣೆಯ ಅಧಿಕಾರ ಎಲ್ಲಿ ಕೆಡುತ್ತದೆ ಎಂಬುದಕ್ಕೆ ಗಝಲ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಈಗ ನಮ್ಮ ಕಾನೂನಿಗೆ ಬರೋಣ. ಸ್ವತಂತ್ರ ಭಾರತದಲ್ಲಿ ಮೊದಲು ಬಂದದ್ದು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ. ಅದರ ಜಾಗದಲ್ಲಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂತು; 2011ರ ಆಗಸ್ಟ್ 5ರಿಂದ ಅದರ ನಿಯಮಗಳು ಜಾರಿಯಾದವು. ಹೆಸರು ಬದಲಾದದ್ದನ್ನು ಗಮನಿಸಬೇಕು. ಕಲಬೆರಕೆ ಎಂದರೆ ಅಲ್ಲೊಬ್ಬ ಕಳ್ಳ ಇರಲೇಬೇಕು. ಅಸುರಕ್ಷತೆಗೆ ಕಳ್ಳನ ಅಗತ್ಯವಿಲ್ಲ. ‘ನಾನೇನು ಕಳ್ಳನಾ’ ಎಂಬ ಪ್ರಶ್ನೆಗೆ ಕಾನೂನಿನ ಹೆಸರೇ ಅರ್ಧ ಉತ್ತರ ಕೊಟ್ಟಂತಾಯಿತು.

2011ರ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗೆ ವಹಿವಾಟು ಮಾಡುವ ಸಣ್ಣವರಿಗೆ 100 ರೂಪಾಯಿಯ ನೋಂದಣಿಯನ್ನೂ, ಅದಕ್ಕಿಂತ ದೊಡ್ಡವರಿಗೆ ಪರವಾನಗಿಯನ್ನೂ ಗೊತ್ತು ಮಾಡಿದವು. ನೋಂದಾಯಿತ ಜಾಗಗಳನ್ನು ವರ್ಷಕ್ಕೊಮ್ಮೆಯಾದರೂ ನೋಡಬೇಕೆಂದೂ ಹೇಳಿದವು. ಜಿಲ್ಲೆಗೆ ಒಬ್ಬ ಅಂಕಿತ ಅಧಿಕಾರಿ, ಅವರ ಕೆಳಗೆ ಆಹಾರ ಸುರಕ್ಷತಾ ಅಧಿಕಾರಿಗಳು. ಅವರು ನೋಡುವುದು ನೀರು ಎಲ್ಲಿಂದ ಬರುತ್ತದೆ, ಹಸಿ ಮಾಂಸವನ್ನೂ ಬೆಂದ ಅಡುಗೆಯನ್ನೂ ಬೇರೆ ಬೇರೆ ಇಟ್ಟಿದ್ದಾರೆಯೇ, ಕೈ ತೊಳೆಯಲು ಸೋಪು ಇದೆಯೇ, ಕೆಲಸದವರಿಗೆ ಗಾಯ ಕಾಯಿಲೆ ಇದೆಯೇ, ಇಲಿ ಹೆಗ್ಗಣಗಳ ಓಡಾಟವಿದೆಯೇ ಎಂಬುದನ್ನು. ಕೊರತೆ ಕಂಡರೆ ಅಂಕಿತ ಅಧಿಕಾರಿ ಮೊದಲು ಸುಧಾರಣಾ ನೋಟಿಸು ಕೊಡುತ್ತಾರೆ: ಇಂಥದ್ದನ್ನು ಇಷ್ಟು ದಿನದೊಳಗೆ ಸರಿಪಡಿಸಿ ಎಂದು. ಕೊಳಕು ಸ್ಥಿತಿಯಲ್ಲಿ ಆಹಾರ ತಯಾರಿಸಿದ್ದು ಸಾಬೀತಾದರೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಅಸುರಕ್ಷಿತ ಆಹಾರದಿಂದ ಜೀವ ಹೋದರೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿವರೆಗಿನ ಶಿಕ್ಷೆಯಿದೆ.

ನನಗೆ ಈ ಕಾಯ್ದೆಯಲ್ಲಿ ಹೆಚ್ಚು ಇಷ್ಟವಾದದ್ದು ಶಿಕ್ಷೆಯ ಭಾಗವಲ್ಲ. ಪರೀಕ್ಷೆಗೆ ಆಹಾರ ತೆಗೆದುಕೊಂಡ ಅಧಿಕಾರಿ ಅದರ ಮಾರುಕಟ್ಟೆಯ ಬೆಲೆಯನ್ನು ಕೊಡಬೇಕು. ಅರ್ಧ ಕಿಲೋ ಸಿಹಿಯಾದರೂ ಸರಿ, ದುಡ್ಡು ಕೊಟ್ಟೇ ಒಯ್ಯಬೇಕು. ಸಾಕ್ಷಿಗಳ ಎದುರಲ್ಲಿ ಮಾದರಿಯನ್ನು ನಾಲ್ಕು ಪಾಲು ಮಾಡಿ ಮುದ್ರೆ ಹಾಕಬೇಕು. ಒಂದು ಪಾಲು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತ ಅಧಿಕಾರಿಯ ಬಳಿಗೆ. ಹೋಟೆಲಿನವನು ಕೇಳಿದರೆ ನಾಲ್ಕನೆಯದು ಮಾನ್ಯತೆ ಪಡೆದ ಇನ್ನೊಂದು ಪ್ರಯೋಗಾಲಯಕ್ಕೆ. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ವರದಿ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ. ಅದು ಮೈಸೂರಿನ ಸಿಎಫ್‌ಟಿಆರ್‌ಐನಂಥ ರೆಫರಲ್ ಪ್ರಯೋಗಾಲಯದವರೆಗೆ ಹೋಗಬಹುದು. ಸಕಾರಣವಿಲ್ಲದೆ ಕಿರುಕುಳ ಕೊಟ್ಟ ಅಧಿಕಾರಿಗೂ ದಂಡವಿದೆ. ಇದು ಗೋಡೆ ಹತ್ತಿ ಬರುವವರ ರೀತಿಯಲ್ಲ. ಬಾಗಿಲಿನಿಂದ ಬಂದು, ತಾನು ಯಾರೆಂದು ಹೇಳಿ, ಬೆಲೆ ಕೊಟ್ಟು, ರಸೀದಿ ಬರೆದು ಹೋಗುವವರ ರೀತಿ. ತಜಸ್ಸುಸ್‌ಗೂ ಹಿಸ್ಬಾಗೂ ಇರುವ ವ್ಯತ್ಯಾಸವನ್ನು ಕಾಯ್ದೆ ಬರೆದವರು ತಿಳಿದೋ ತಿಳಿಯದೆಯೋ ಪಾಲಿಸಿದ್ದಾರೆ. ನಡೆಯುವಾಗ ಎಲ್ಲ ಕಡೆ ಹೀಗೇ ನಡೆಯುತ್ತದೆಂದು ನಾನು ಹೇಳುತ್ತಿಲ್ಲ. ಬೆಲೆ ಕೊಡುವುದಿರಲಿ, ಪಾರ್ಸೆಲ್ ಕಟ್ಟಿಸಿಕೊಂಡು ಹೋದವರ ಕಥೆಗಳು ಎಲ್ಲ ಊರುಗಳಲ್ಲೂ ಇವೆ. ಆದರೆ ನಿಯಮ ಗೊತ್ತಿದ್ದರೆ ‘ಸ್ವಾಮಿ, ಮಾದರಿಯ ದುಡ್ಡು’ ಎಂದು ಕೇಳುವ ಧೈರ್ಯವಾದರೂ ಬರುತ್ತದೆ.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಕಲಮು ಇದೆ, 40ನೆಯದು. ಅಧಿಕಾರಿಯಲ್ಲದ ಸಾಮಾನ್ಯ ಗಿರಾಕಿಯೂ ತಾನು ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಆ ವಿಷಯವನ್ನು ಅಂಗಡಿಯವನಿಗೆ ತಿಳಿಸಬೇಕು. ರಾಶಿಯೊಳಗೆ ಕೈ ಹಾಕುವ ಹಕ್ಕು ಮೂಲದಲ್ಲಿ ಉಣ್ಣುವವನದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಡ. ಇನ್ಸ್‌ಪೆಕ್ಟರ್ ಅವನ ಪರವಾಗಿ ಬಂದ ವಕೀಲ, ಅಷ್ಟೆ.

ಇಷ್ಟಾದರೂ ಹೋಟೆಲಿನ ಹಿರಿಯರ ಮಾತಿಗೆ ಪೂರ್ತಿ ಉತ್ತರ ಬರಲಿಲ್ಲ. ಅವರಲ್ಲಿ ಮೋಸವಿಲ್ಲ. ಮುಚ್ಚಿಡುವುದೂ ಇಲ್ಲ. ಮತ್ತೆ ತಪಾಸಣೆ ಯಾತಕ್ಕೆ?

ಕರ್ಮಗಳು ನಿಯ್ಯತ್ತನ್ನು ಅವಲಂಬಿಸಿವೆ ಎಂದು ನಾವು ನಂಬಿದ್ದೇವೆ. ಅದು ಅಲ್ಲಾಹನ ಮುಂದಿನ ಲೆಕ್ಕ. ರೋಗಾಣುಗಳಿಗೆ ನಿಯ್ಯತ್ತು ತಿಳಿಯುವುದಿಲ್ಲ. ನಮ್ಮ ವಲೀಮಾ ಊಟಗಳನ್ನೇ ನೋಡಿ. ಫಜ್ರ್ ನಮಾಝಿನ ಹೊತ್ತಿಗೆ ಬಾವರ್ಚಿ ದೇಗ್ ಏರಿಸುತ್ತಾನೆ. ಹತ್ತು ಗಂಟೆಗೆ ಬಿರಿಯಾನಿಗೆ ದಮ್ ಬೀಳುತ್ತದೆ. ಊಟ ಶುರುವಾಗುವುದು ಝುಹರ್ ಆದ ಮೇಲೆ, ಕೊನೆಯ ಪಂಕ್ತಿ ಏಳುವುದು ಅಸರ್ ಹೊತ್ತಿಗೆ. ಉಳಿದದ್ದು ಪ್ಲಾಸ್ಟಿಕ್ ಕವರಿನಲ್ಲಿ ನೆಂಟರ ಮನೆ ಸೇರಿ ರಾತ್ರಿ ಊಟವಾಗುತ್ತದೆ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನದು ಅಪಾಯದ ವಲಯ. ಮಾಂಸದಲ್ಲಿರುವ ಕ್ಲಾಸ್ಟ್ರಿಡಿಯಂ ಎಂಬ ರೋಗಾಣುವಿನ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ದೊಡ್ಡ ದೇಗ್ ನಿಧಾನವಾಗಿ ಆರುತ್ತಿದ್ದಂತೆ ಅವು ಮೊಳೆತು ಗಂಟೆಗಳಲ್ಲಿ ಅಸಂಖ್ಯವಾಗುತ್ತವೆ. ಬೆರಳಿನ ಒಂದು ಕೀವುಗಾಯದಿಂದ ಅಡುಗೆಗೆ ಇಳಿಯುವ ಸ್ಟೆಫೈಲೊಕಾಕಸ್ ಬಿಡುವ ವಿಷವಂತೂ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಇಷ್ಟೂ ಹೊತ್ತು ಬಾವರ್ಚಿ ಬಿಸ್ಮಿಲ್ಲಾ ಹೇಳಿಯೇ ಕೆಲಸ ಮಾಡಿದ್ದಾನೆ, ಮಾಂಸ ಹಲಾಲಾಗಿಯೇ ಇದೆ, ವಾಸನೆ ಘಮಘಮ ಎನ್ನುತ್ತಿದೆ. ರುಚಿ ನೋಡಿ ಹೇಳಲು ಯಾರಿಂದಲೂ ಆಗದು.

ನಮ್ಮ ಸೀಮೆಯಲ್ಲೇ ಆದದ್ದನ್ನು ನೆನೆಯಬೇಕು. 2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆಯ ಬೆನ್ನಿಗೇ ವಾಂತಿಭೇದಿ ಹಬ್ಬಿ ಸಾವುಗಳಾದವು. ಅದೇ ವರ್ಷ, ಅದೇ ತಾಲ್ಲೂಕಿನ ಬುಳ್ಳಸಂದ್ರದಲ್ಲಿ ದೇವಸ್ಥಾನದ ಪ್ರಸಾದ ಉಂಡ ಮೇಲೆ ಹಲವರು ಆಸ್ಪತ್ರೆ ಸೇರಿ ಮೂವರು ಹೆಂಗಸರು ತೀರಿಕೊಂಡರು. 2018ರ ಡಿಸೆಂಬರಿನಲ್ಲಿ ಸುಳ್ವಾಡಿಯಲ್ಲಿ 17 ಜನ ಸತ್ತದ್ದು ಬೇರೆ ಮಾತು. ಅಲ್ಲಿ ಪ್ರಸಾದಕ್ಕೆ ಬೇಕೆಂದೇ ಕೀಟನಾಶಕ ಬೆರೆಸಲಾಗಿತ್ತು, ಅದಕ್ಕೆ ಪೊಲೀಸರು ಬೇಕು. ನಮ್ಮ ಹಳ್ಳಿಗಳ ಜಾತ್ರೆಯಲ್ಲಿ ಅಡುಗೆ ಮಾಡುವವರು ಯಾರಿಗೂ ಕೇಡು ಬಯಸುವವರಲ್ಲ. ಭಕ್ತಿಯಿಂದ, ದುಡ್ಡಿಲ್ಲದೆ, ರಾತ್ರಿಯೆಲ್ಲ ಎದ್ದಿದ್ದು ಬೇಯಿಸುವವರು. ಇಂಥ ಕಡೆ ಕಳ್ಳನನ್ನು ಹುಡುಕಿದರೆ ಸಿಗುವುದಿಲ್ಲ. ನೀರಿನ ತೊಟ್ಟಿ ಸಿಗುತ್ತದೆ, ಪಾತ್ರೆ ತೊಳೆದ ಜಾಗ ಸಿಗುತ್ತದೆ, ಬೇಯಿಸಿದ್ದಕ್ಕೂ ಬಡಿಸಿದ್ದಕ್ಕೂ ನಡುವಿನ ಗಂಟೆಗಳು ಸಿಗುತ್ತವೆ. ಪಾವಗಡದವರು ತಲೆಮಾರುಗಳಿಂದ ಫ್ಲೋರೈಡ್ ನೀರು ಕುಡಿದು ಹಲ್ಲು ಮೂಳೆ ಕೆಡಿಸಿಕೊಂಡರಲ್ಲ, ಆ ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು.

ಹೀಗಾಗಿ ಆ ಹಿರಿಯರಿಗೆ ನನ್ನ ಉತ್ತರ ಇಷ್ಟು: ಚಾಚಾ, ನೀವು ಕಳ್ಳರಲ್ಲ. ನಿಮ್ಮ ಕಣ್ಣಿಗೆ ಕಾಣದ್ದನ್ನು ಇನ್ನೊಬ್ಬರು ಹುಡುಕಿಕೊಟ್ಟರೆ ಅವರು ನಿಮ್ಮನ್ನು ಒಂದು ಕೊಲೆಯಿಂದ ಉಳಿಸಿದಂತೆ. ಅವರು ಇದನ್ನು ಒಪ್ಪಿದರೆಂದು ಹೇಳಲಾರೆ. “ಹಂಗಾದ್ರೆ ಮೊದ್ಲು ನಲ್ಲಿ ನೀರು ಕೊಡೋಕೆ ಹೇಳಿ ಅವ್ರಿಗೆ” ಎಂದರು.

ಆ ಮಾತಿನಲ್ಲಿ ನ್ಯಾಯವಿದೆ. 2024ರ ಮಾರ್ಚ್ 11ರಂದು ಕರ್ನಾಟಕ ಸರಕಾರ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ, 25 ಮಿಠಾಯಿ ಮಾದರಿಗಳಲ್ಲಿ 15ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಮಿಠಾಯಿಯಲ್ಲಿದ್ದ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. ಜೂನ್‌ನಲ್ಲಿ ಕಬಾಬಿನ ಸರದಿ: 39 ಮಾದರಿಗಳಲ್ಲಿ 8 ಅಸುರಕ್ಷಿತ. 2025ರಲ್ಲಿ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದು ಪತ್ತೆಯಾಗಿ ಅದಕ್ಕೂ ತಡೆ ಬಂತು. ಇವೆಲ್ಲ ಬೇಕಾದ ಕ್ರಮಗಳೇ. ಆದರೆ ಈ ಪಟ್ಟಿಯಲ್ಲಿರುವ ಹೆಚ್ಚಿನ ತಿನಿಸುಗಳು ತಳ್ಳುಗಾಡಿಯವು. ಗಾಡಿಯ ಅಡುಗೆಮನೆಗೆ ಪರದೆಯೇ ಇಲ್ಲವಾದ್ದರಿಂದ ಅದನ್ನು ನೋಡುವುದು ಸುಲಭ. ದೊಡ್ಡ ಛತ್ರದ ಹಿಂಬಾಗಿಲು, ಸ್ಟಾರ್ ಹೋಟೆಲಿನ ಶೀತಲಗೃಹ, ಬಣ್ಣ ತಯಾರಿಸಿ ಊರೂರಿಗೆ ಪ್ಯಾಕೆಟ್ ಕಳಿಸುವ ಕಾರ್ಖಾನೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಗೋಬಿ ಹುಡುಗ ಬಣ್ಣವನ್ನು ತಾನೇ ತಯಾರಿಸಲಿಲ್ಲ. ದಿನಸಿ ಅಂಗಡಿಯಲ್ಲಿ ‘ಫುಡ್ ಕಲರ್’ ಎಂದು ಬರೆದದ್ದನ್ನು ಕೊಂಡ. ಸಂಜೆ ಬಸ್ ನಿಲ್ದಾಣದ ಬಳಿ ಗಾಡಿ ನಿಲ್ಲಿಸುವ ಹೆಂಗಸು ಎರಡು ಬಕೆಟ್ ನೀರನ್ನು ಮನೆಯಿಂದ ಹೊತ್ತು ತರುತ್ತಾಳೆ. ತಟ್ಟೆಯನ್ನು ಹರಿಯುವ ನೀರಿನಲ್ಲಿ ತೊಳೆಯಿರಿ ಎಂದು ಅವಳಿಗೆ ನೋಟಿಸು ಕೊಟ್ಟು ಹೋಗುವ ಸರಕಾರ, ಅವಳಿರುವ ಜಾಗಕ್ಕೆ ಒಂದು ನಲ್ಲಿ ಹಾಕಿಸದಿದ್ದರೆ ಅದು ಹಿಸ್ಬಾ ಅಲ್ಲ, ಬಡವರ ಮೇಲೆ ತೋರುವ ದರ್ಪ.

ಇನ್ನು ನಮ್ಮನ್ನು ನೇರವಾಗಿ ತಟ್ಟುವ ಮಾತು. ಕಾನೂನಿನ ಕಣ್ಣು ಹೋಗದ ಅಡುಗೆಮನೆಗೆ ವದಂತಿ ಹೋಗುತ್ತದೆ. 2022ರ ಯುಗಾದಿಯ ಹೊಸತೊಡಕಿನ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಹಲಾಲ್ ಮಾಂಸದ ಬಹಿಷ್ಕಾರದ ಕೂಗು ಎದ್ದದ್ದು ಎಲ್ಲರಿಗೂ ನೆನಪಿದೆ. ಅದರ ಹಿಂದು ಮುಂದೆ ಮುಸ್ಲಿಮರ ಹೋಟೆಲಿನ ಅಡುಗೆಗೆ ಉಗುಳುತ್ತಾರೆಂಬ ವೀಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. 2024ರ ಜುಲೈನಲ್ಲಿ ಉತ್ತರ ಪ್ರದೇಶದಲ್ಲಿ ಕಾವಡ್ ಯಾತ್ರೆಯ ದಾರಿಯ ತಿಂಡಿ ಅಂಗಡಿಗಳು ಮಾಲೀಕರ ಹೆಸರನ್ನು ಎದ್ದು ಕಾಣುವಂತೆ ಬರೆಯಬೇಕೆಂಬ ಆಜ್ಞೆ ಬಂತು. ಜುಲೈ 22ರಂದು ಸುಪ್ರೀಂ ಕೋರ್ಟು ಅದನ್ನು ತಡೆಹಿಡಿಯಿತು. ಯಾವ ಬಗೆಯ ಆಹಾರವೆಂದು ಬರೆಯಬಹುದು, ಹೆಸರು ಬರೆಯಲು ಬಲವಂತ ಮಾಡುವಂತಿಲ್ಲ ಎಂದಿತು.

ನೋಂದಣಿ ಪತ್ರವನ್ನು ಗೋಡೆಗೆ ಹಾಕಬೇಕೆಂದು ಆಹಾರ ಕಾನೂನೂ ಹೇಳುತ್ತದೆ, ಅದರಲ್ಲೂ ಹೆಸರಿರುತ್ತದೆ, ಹಾಗಿದ್ದರೆ ತಕರಾರೇನು ಎಂದು ಕೇಳುವವರಿದ್ದಾರೆ. ಎರಡಕ್ಕೂ ವ್ಯತ್ಯಾಸವಿದೆ. ನೋಂದಣಿ ಪತ್ರದ ಹೆಸರು ಊಟ ಕೆಟ್ಟರೆ ಹೊಣೆ ಯಾರದೆಂದು ತಿಳಿಯುವುದಕ್ಕೆ. ಬಾಗಿಲ ಬೋರ್ಡಿನ ಮೇಲೆ ಬಲವಂತವಾಗಿ ಬರೆಸಿದ ಹೆಸರು ಉಣ್ಣುವ ಮುಂಚೆಯೇ ಅಡುಗೆಯವನ ಜಾತಿ ಧರ್ಮ ನೋಡಿ ತೀರ್ಪು ಕೊಡುವುದಕ್ಕೆ. ಒಂದು ತಟ್ಟೆಯನ್ನು ಪರೀಕ್ಷಿಸುತ್ತದೆ, ಇನ್ನೊಂದು ಹುಟ್ಟನ್ನು. ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಚಿತ್ರೀಕರಿಸಿ, ಹೆಸರು ನೋಡಿ ಹಂಚುವವನು ಮುಹ್ತಸಿಬ್ ಅಲ್ಲ. ಅವನು ಮಾದರಿಯ ಬೆಲೆ ಕೊಡುವುದಿಲ್ಲ, ನಾಲ್ಕು ಪಾಲು ಮಾಡುವುದಿಲ್ಲ, ಮೇಲ್ಮನವಿಗೆ ಅವಕಾಶವನ್ನೂ ಕೊಡುವುದಿಲ್ಲ.

ಇದಕ್ಕೆ ನಾವು ಹೇಗೆ ಉತ್ತರಿಸುತ್ತಿದ್ದೇವೆ? ಹೆಚ್ಚಿನ ಹೋಟೆಲುಗಳು ‘ಹಲಾಲ್’ ಎಂಬ ಬೋರ್ಡಿನ ಅಕ್ಷರವನ್ನು ಇನ್ನಷ್ಟು ದೊಡ್ಡದು ಮಾಡಿವೆ. ಆದರೆ ಕುರ್‌ಆನ್ ಆಹಾರದ ಬಗ್ಗೆ ಮಾನವರನ್ನೆಲ್ಲ ಉದ್ದೇಶಿಸಿ ಹೇಳುವಾಗ ‘ಹಲಾಲ್’ ಎಂಬ ಪದದ ಜೊತೆಯಲ್ಲೇ ‘ತಯ್ಯಿಬ್’ ಎಂಬ ಇನ್ನೊಂದು ಪದವನ್ನೂ ಇಟ್ಟಿದೆ. ತಯ್ಯಿಬ್ ಎಂದರೆ ಒಳ್ಳೆಯದು, ಶುದ್ಧವಾದದ್ದು, ಮೈಗೆ ಹಿತವಾದದ್ದು. ಕೊಯ್ಯುವಾಗ ಹಲಾಲಾದ ಕೋಳಿ ಮೂರು ದಿನದ ಎಣ್ಣೆಯಲ್ಲಿ ಕೆಂಪು ಬಣ್ಣ ಬಳಿದುಕೊಂಡು ಬೇಯುವಾಗ ತಯ್ಯಿಬ್ ಆಗಿ ಉಳಿಯುವುದಿಲ್ಲ. ಹಲಾಲ್ ಬಗ್ಗೆ ಫತ್ವಾ ಕೇಳುವ ನಾವು ತಯ್ಯಿಬ್ ಬಗ್ಗೆ ಯಾರನ್ನೂ ಕೇಳುವುದಿಲ್ಲ.

ಅಡುಗೆಮನೆ ತೆರೆದಿಟ್ಟರೆ ವದಂತಿ ನಿಲ್ಲುತ್ತದೆಂದು ನಾನು ನಂಬಿಲ್ಲ. ಹೆಸರು ನೋಡಲು ಬಂದವನಿಗೆ ಗಾಜಿನ ಗೋಡೆ ಕಟ್ಟಿಸಿದರೂ ಹೆಸರೇ ಕಾಣುತ್ತದೆ. ಅವನಿಗಾಗಿ ತೆರೆದಿಡುವುದಾದರೆ ಅದು ನಿಜಕ್ಕೂ ಅವಮಾನ. ಎಲ್ಲರಿಗೂ ಇಲ್ಲದ ಪರೀಕ್ಷೆಯನ್ನು ನಾವೊಬ್ಬರೇ ಬರೆದಂತೆ. ಆದರೆ ಅವನ ಮೇಲಿನ ಸಿಟ್ಟಿಗೆ ಪರದೆಯನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡರೆ ನಷ್ಟವಾಗುವುದು ಅವನಿಗಲ್ಲ. ಶಾಲೆ ಬಿಟ್ಟು ಬಂದು ಕಬಾಬಿನ ಮುಂದೆ ನಿಲ್ಲುವ ನಮ್ಮದೇ ಮಕ್ಕಳಿಗೆ, ಅವರ ಜೊತೆ ಬರುವ ಪಕ್ಕದ ಕೇರಿಯ ಮಕ್ಕಳಿಗೆ.

ಈಚೆಗೆ ನಮ್ಮ ಕಡೆಯ ಒಂದು ಜಮಾಅತ್‌ನ ಸಭೆಯಲ್ಲಿ ಉರೂಸ್ ಊಟದ ವಿಷಯ ಬಂತು. ಕೆಲವು ಹುಡುಗರು ಎದ್ದು, 2011ರ ನಿಯಮಗಳಲ್ಲಿ ಧಾರ್ಮಿಕ ಮತ್ತು ಸಾಮಾಜಿಕ ಕೂಟಗಳಲ್ಲಿ ಆಹಾರ ಹಂಚುವವರೂ ಸಣ್ಣ ಆಹಾರ ತಯಾರಕರ ಸಾಲಿನಲ್ಲಿ ಬರುತ್ತಾರೆ, ನಾವೂ ನೋಂದಣಿ ಮಾಡಿಸೋಣ, ಕೊಳವೆಬಾವಿಯ ನೀರನ್ನು ಪರೀಕ್ಷೆಗೆ ಕಳಿಸೋಣ ಎಂದರು. ಹಿರಿಯರಿಗೆ ನಗು ಬಂತು. “ಅಲ್ಲಾಹನ ಹೆಸರಲ್ಲಿ ಹಾಕೋ ಅನ್ನಕ್ಕೆ ಸರಕಾರದ ನಂಬರು ಬೇಕೇನಪ್ಪಾ?” ಎಂದರು ಒಬ್ಬರು. “ಅಲ್ಲಾಹನ ಹೆಸರಲ್ಲಿ ಹಾಕೋದು ಅಂತಲೇ ಕೇಳ್ತಿರೋದು ಚಾಚಾ” ಎಂದ ಒಬ್ಬ ಹುಡುಗ. ಮಾತು ಸ್ವಲ್ಪ ಬಿಸಿಯಾಯಿತು. ಕೊನೆಗೆ ನೀರನ್ನು ಪರೀಕ್ಷೆಗೆ ಕಳಿಸುವುದೆಂದು, ದೇಗ್ ಇಳಿಸಿದ ಗಂಟೆಯನ್ನು ಒಬ್ಬರು ಬರೆದಿಡುವುದೆಂದು ಒಪ್ಪಿಗೆಯಾಯಿತು. ನೋಂದಣಿಯ ವಿಷಯ ಮುಂದಿನ ಸಭೆಗೆ ಹೋಗಿದೆ.